ಕಲಬುರಗಿ ಬೇಸಿಗೆ, ಮನೆಯೊಳಗಿನ ನಾಯಿ: ಜೆಲ್ ಮ್ಯಾಟೋ ಕೂಲರ್ರೋ?

ನನ್ನ ಓಟು ಕೂಲರ್‌ಗೆ. ಜೆಲ್ ಮ್ಯಾಟಿಗೆ, ಅಂದರೆ ಒಳಗೆ ಜೆಲ್ ತುಂಬಿದ ನಾಯಿ ಹಾಸಿಗೆಗೆ, ಸುರಿದ ದುಡ್ಡು ಇನ್ನೂ ಹೊಟ್ಟೆ ಉರಿಸುತ್ತಿರುವುದರಿಂದ ಅದರ ಪುರಾಣವೇ ಉದ್ದ.

ಕರೆಂಟ್ ಬೇಡ, ನೀರು ಬೇಡ, ನಾಯಿ ಮಲಗಿದರೆ ಸಾಕು, ತಂಪು ಅಂತ ಡಬ್ಬದ ಮೇಲೆ ಬರೆದಿತ್ತು. ಸ್ವಲ್ಪ ಹೊತ್ತು ನಮ್ಮ ಲ್ಯಾಬ್ರಡಾರ್ ರಾಜಾ ಹಾಯಾಗಿ ಮಲಗಿದ. ಆಮೇಲೆ ಎದ್ದು ಹೋಗಿ ಬಚ್ಚಲಮನೆ ಬಾಗಿಲಲ್ಲಿ ಬಿದ್ದುಕೊಂಡ. ಮುಟ್ಟಿ ನೋಡಿದರೆ ಮ್ಯಾಟ್ ಬೆಚ್ಚಗೆ!

ಜೆಲ್ ತಾನಾಗಿ ತಂಪು ಹುಟ್ಟಿಸುವುದಿಲ್ಲ. ನಾಯಿಯ ಮೈಶಾಖ ಹೀರಿಕೊಂಡು ಕೋಣೆಯ ಗಾಳಿಗೆ ಬಿಡಬೇಕು. ನಾಯಿಯ ಮೈ ಇರುವುದೇ 38.5 ಡಿಗ್ರಿ ಆಸುಪಾಸು. ಮೇ ತಿಂಗಳಲ್ಲಿ ಹೊರಗೆ 42, ಆರ್‌ಸಿಸಿ ಚಾವಣಿ ಕೆಳಗಿನ ಹಾಲ್‌ನಲ್ಲಿ 37 ಇರುವಾಗ ಅದು ಆ ಶಾಖವನ್ನು ಯಾರಿಗೆ ಕೊಡಬೇಕು? ಎಸಿ ಕೋಣೆಯಲ್ಲಾದರೆ ಕೆಲಸ ಮಾಡುತ್ತದೆ, ನಿಜ. ಎಸಿ ಇದ್ದವರಿಗೆ ಮ್ಯಾಟ್ ಯಾತಕ್ಕೆ? ಸಾಲದ್ದಕ್ಕೆ ರಾಜಾ ಮೂಲೆ ಕಚ್ಚಿ ಹರಿದ. ಜೆಲ್ ಹೊಟ್ಟೆಗೆ ಹೋಗುವ ಮೊದಲು ಕಿತ್ತುಕೊಳ್ಳುವಷ್ಟರಲ್ಲಿ ನನಗೇ ಬೆವರಿಳಿಯಿತು. ಹರಿದ ಮಾಲು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

ಸೀಲಿಂಗ್ ಫ್ಯಾನ್: ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಂಪಾಗಬೇಕು. ಬರೀ ಬಿಸಿಗಾಳಿ ಬೀಸಿ ಪ್ರಯೋಜನವಿಲ್ಲ.

ಒದ್ದೆ ಗೋಣಿಚೀಲ ಪುಕ್ಕಟೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಹಾಸಿದರೆ ಮ್ಯಾಟಿಗಿಂತ ಎಷ್ಟೋ ವಾಸಿ. ಒಣಗಿದಾಗ ನೀರು ಚಿಮುಕಿಸಲು ಮನೆಯಲ್ಲಿ ಜನ ಬೇಕು. ನಾನು ಸಂಜೆಯತನಕ ಡ್ಯೂಟಿ ಮೇಲೆ. ನಾಯಿಗೆ ಹೊದಿಸಲು ಮಾತ್ರ ಹೋಗಬೇಡಿ, ಶಾಖ ಒಳಗೇ ಉಳಿಯುತ್ತದೆ.

ಕೂಲರ್ ಗಾಳಿ ತಂಪಾಗುವುದು ನೀರು ಆರುವುದರಿಂದ; ನಮ್ಮ ಕಡೆಯ ಒಣಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಬೆಳಿಗ್ಗೆ ಟ್ಯಾಂಕ್ ತುಂಬಿಸಿ ಹೋಗುತ್ತೇನೆ; ಕರೆಂಟ್ ಹೋದರೂ ಮನೆಯ ಇನ್ವರ್ಟರ್ ಮೇಲೆ ಓಡುತ್ತದೆ. ಆದರೆ ಎದುರಿನ ಕಿಟಕಿ ತೆರೆದೇ ಇರಬೇಕು. ಮುಚ್ಚಿದರೆ ಕೋಣೆ ತುಂಬ ತೇವ, ನಾಯಿ ಎಷ್ಟು ತೇಕಿದರೂ ನಾಲಿಗೆಯ ನೀರು ಆರುವುದಿಲ್ಲ. ಮಂಗಳೂರಿನ ತಂಗಿ ಕೇಳಿದಾಗ ಇದೇ ಕಾರಣಕ್ಕೆ ಕೂಲರ್ ಬೇಡ ಅಂದೆ. ಇನ್ನು ಕಬ್ಬಿಣದ ಬಾಡಿಯದು ಅಗ್ಗ, ಗಾಳಿಯೂ ಜೋರು. ಅರ್ಥಿಂಗ್ ಸರಿಯಿಲ್ಲದಿದ್ದರೆ ಒದ್ದೆ ಮೂತಿ ತಾಗಿಸಿದ ನಾಯಿಗೆ ಶಾಕ್ ಹೊಡೆಯಬಹುದು. ನಾನು ಪ್ಲಾಸ್ಟಿಕ್ ಬಾಡಿಯದು ಕೊಂಡು, ಕಚ್ಚದಂತೆ ವೈರನ್ನು ಪೈಪಿನೊಳಗೆ ಹಾಕಿಸಿದೆ.

ಎಸಿ ಬಗ್ಗೆ ತಕರಾರಿಲ್ಲ, ಬಿಲ್ಲಿನ ಬಗ್ಗೆ ಇದೆ. ಪಗ್ ಥರದ ಚಪ್ಪಟೆ ಮೂತಿಯ ನಾಯಿ ಸಾಕಿದ್ದರೆ ಸಾಲ ಮಾಡಿಯಾದರೂ ಹಾಕಿಸುತ್ತಿದ್ದೆ. ಅವಕ್ಕೆ ತೇಕುವುದೇ ಕಷ್ಟ. ರಾಜಾನಿಗೆ ಕೂಲರ್ ಸಾಕು. ಕೂಲರ್‌ನ ಹುಲ್ಲಿನ ಪ್ಯಾಡ್ ಮಾರ್ಚಿನಲ್ಲೇ ಬದಲಿಸಿಬಿಡಿ, ಏಪ್ರಿಲ್‌ನಲ್ಲಿ ರೇಟು ಏರುತ್ತದೆ.