ಹಾಯಿದೋಣಿ ಪ್ರವಾಸಕ್ಕೆ ಹೊರಟಿದ್ದೀರಾ? ಹವಳದ ದಿಬ್ಬದ ದೊಡ್ಡ ಮೀನು ಮಾತ್ರ ಮುಟ್ಟಬೇಡಿ

ಬೆಚ್ಚಗಿನ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ಹಾಯಿದೋಣಿಯಲ್ಲಿ ಸುತ್ತಲು ಹೊರಟವರಿಗೆ ಬಿರುಗಾಳಿ, ಬಂಡೆ, ಲಂಗರು ಅಂತ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಮೀನಿನ ಬಗ್ಗೆ ನಮಗೆ ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು, ನನ್ನ ಗಂಡ ಇಬ್ಬರೇ ಹೋಗಿದ್ದೆವು. ದೋಣಿಯ ಜೊತೆಗೆ ಅದನ್ನು ನಡೆಸುವ ಸ್ಕಿಪ್ಪರ್‌ನನ್ನೂ ಕಂಪನಿಯೇ ಕೊಟ್ಟಿತ್ತು. ಆತುರವೇನೂ ಇರಲಿಲ್ಲ. ಬೆಳಿಗ್ಗೆ ಹಾಯಿ ಬಿಚ್ಚಿ ಒಂದಿಷ್ಟು ದೂರ ಹೋಗುವುದು, ಮಧ್ಯಾಹ್ನ ಯಾವುದಾದರೂ ದ್ವೀಪದ ಮರೆಯಲ್ಲಿ ಲಂಗರು ಹಾಕಿ ಈಜುವುದು. ಒಂದು ಸಂಜೆ ಹವಳದ ದಿಬ್ಬದ ಅಂಚಿನಲ್ಲಿ ಸ್ಕಿಪ್ಪರ್ ಗಾಳ ಹಾಕಿದ. ತೋಳಿಗಿಂತ ಉದ್ದದ ಬರಾಕುಡಾ ಸಿಕ್ಕಿತು. ‘ಈ ಮೀನು ತಿನ್ನಬಹುದಾ?’ ಅಂತ ಇವರು ಕೇಳಿಯೇ ಕೇಳಿದರು. ‘ನೋಡಿ, ನೊಣ ಕೂತಿದೆ. ವಿಷ ಇದ್ದರೆ ನೊಣ ಹತ್ತಿರ ಬರಲ್ಲ’ ಅಂದ. ಹೊಟ್ಟೆ ಸರಿಯಿಲ್ಲ ಎಂದು ತಾನು ಮಾತ್ರ ಒಂದು ತುಂಡೂ ತಿನ್ನಲಿಲ್ಲ. ಅದು ನಿಜವೋ ನೆಪವೋ, ಈಗಲೂ ನನಗೆ ಅನುಮಾನ.

ಮೀನು ಬಹಳ ರುಚಿಯಾಗಿತ್ತು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಬಣ್ಣವೂ ಇಲ್ಲ.

ನಡುರಾತ್ರಿಗೆ ಇಬ್ಬರಿಗೂ ವಾಂತಿ, ಭೇದಿ ಶುರುವಾಯಿತು. ಅಷ್ಟೇ ಆಗಿದ್ದರೆ ಹಾಳಾದ ಊಟ ಅಂದುಕೊಳ್ಳುತ್ತಿದ್ದೆವು. ಬೆಳಗಿನ ಜಾವಕ್ಕೆ ತುಟಿ, ನಾಲಿಗೆ, ಬೆರಳ ತುದಿಯೆಲ್ಲ ಜುಮ್ಮೆನ್ನತೊಡಗಿತು. ಹಲ್ಲುಗಳು ಸಡಿಲವಾದ ಹಾಗೆ ಅನಿಸಿತು. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಮುಟ್ಟಿದರೆ ಕೈ ಸುಟ್ಟಂತೆ ಉರಿ. ತಣ್ಣಗಿನದು ಸುಡುವಂತೆ ಅನಿಸುವ ಈ ಲಕ್ಷಣವನ್ನು ನೆನಪಿಡಿ. ಮೀನು ತಿಂದ ಮೇಲೆ ಹೀಗಾದರೆ ಡಾಕ್ಟರುಗಳು ಮೊದಲು ಅನುಮಾನಿಸುವುದು ಸಿಗ್ವಟೆರಾ ಎಂಬ ಮೀನಿನ ವಿಷವನ್ನು.

ಸತ್ತ ಹವಳ ಮತ್ತು ಕಡಲಪಾಚಿಯ ಮೇಲೆ ಬೆಳೆಯುವ ಗ್ಯಾಂಬಿಯರ್‌ಡಿಸ್ಕಸ್ ಎಂಬ ಸೂಕ್ಷ್ಮಜೀವಿಯಿಂದ ಈ ವಿಷ ಬರುತ್ತದೆ. ಪಾಚಿ ಮೇಯುವ ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ, ಅದನ್ನು ಇನ್ನೂ ದೊಡ್ಡದು ತಿನ್ನುತ್ತದೆ. ವಿಷ ಹೀಗೆ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಬರಾಕುಡಾ, ಮೋರೆ ಹಾವುಮೀನು, ದೊಡ್ಡ ಗ್ರೂಪರ್, ಸ್ನ್ಯಾಪರ್, ಆಂಬರ್‌ಜ್ಯಾಕ್ ಇವೆಲ್ಲ ಅಪಾಯದ ಪಟ್ಟಿಯಲ್ಲಿವೆ. ತಲೆ, ಈಲಿ, ಮೊಟ್ಟೆಯಲ್ಲಂತೂ ವಿಷ ಇನ್ನೂ ಜಾಸ್ತಿ. ಬೇಯಿಸಿದರೆ ಹೋಗಲ್ಲ, ಹುರಿದರೂ ಹೋಗಲ್ಲ, ಉಪ್ಪು ಹಾಕಿ ಒಣಗಿಸಿದರೂ ಐಸಿನಲ್ಲಿಟ್ಟರೂ ಅಷ್ಟೇ. ನೊಣ ಕೂರುವುದು, ಬೆಳ್ಳಿ ನಾಣ್ಯ ಕಪ್ಪಾಗುವುದು ಇವೆಲ್ಲ ಬರೀ ಕಟ್ಟುಕಥೆ. ಕೆರಿಬಿಯನ್, ಪೆಸಿಫಿಕ್, ಹಿಂದೂ ಮಹಾಸಾಗರ, ಮೂರರಲ್ಲೂ ಈ ಕಾಟ ಇದೆ. 1774ರಲ್ಲಿ, ಈಗ ವನುವಾಟು ಎನ್ನುವ ದ್ವೀಪಗಳ ಬಳಿ, ಕ್ಯಾಪ್ಟನ್ ಜೇಮ್ಸ್ ಕುಕ್ ಹಡಗಿನವರು ಮೀನು ತಿಂದು ಹೀಗೇ ಮಲಗಿದ್ದರು. ಅಷ್ಟು ಹಳೆಯ ಸಂಗತಿ ದೋಣಿ ಬಾಡಿಗೆಗೆ ಕೊಡುವವರಿಗೆ ಗೊತ್ತಿಲ್ಲ ಅಂದರೆ ನಂಬಬೇಕಾ?

ನಮ್ಮ ಸ್ಕಿಪ್ಪರ್ ‘ಇದು ಸಮುದ್ರದ ತಲೆಸುತ್ತು, ಮಲಗಿ ಸರಿಹೋಗುತ್ತದೆ’ ಎನ್ನುತ್ತಲೇ ಇದ್ದ. ಇವರ ನಾಡಿ ತೀರಾ ನಿಧಾನವಾಗಿ, ಎದ್ದು ನಿಂತರೆ ಕಣ್ಣು ಕತ್ತಲೆ ಬರತೊಡಗಿದಾಗ ನಾನು ಜಗಳವಾಡಿ ವಿಎಚ್‌ಎಫ್ ರೇಡಿಯೋದಲ್ಲಿ ಕರೆ ಮಾಡಿಸಿದೆ. ಇಂಥ ಕರೆಗೆ 16ನೇ ಚಾನೆಲ್. ದೋಣಿ ಮುಳುಗುತ್ತಿದ್ದರೆ, ಪ್ರಾಣ ಹೋಗುವಂತಿದ್ದರೆ ‘ಮೇ ಡೇ’. ಅಷ್ಟಿಲ್ಲದ ತುರ್ತಿಗೆ ‘ಪ್ಯಾನ್ ಪ್ಯಾನ್’ ಎಂದು ಮೂರು ಸಲ ಹೇಳಬೇಕು. ದೋಣಿ ನಡೆಸಲು ಬರದಿದ್ದರೂ ಪರವಾಗಿಲ್ಲ, ಹತ್ತಿದ ದಿನವೇ ಇಷ್ಟನ್ನು ಕಲಿತಿಟ್ಟುಕೊಳ್ಳಿ. ಸ್ಕಿಪ್ಪರ್‌ಗೇ ಹುಷಾರು ತಪ್ಪಿದರೆ ಇನ್ಯಾರು ಮಾತಾಡುತ್ತಾರೆ?

ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು, ನಾಡಿ ಏರಲು ಅಟ್ರೋಪಿನ್ ಕೊಟ್ಟರು. ಈ ವಿಷಕ್ಕೆ ಮದ್ದು ಅಂತ ಇಲ್ಲ, ಲಕ್ಷಣ ನೋಡಿಕೊಂಡು ಚಿಕಿತ್ಸೆ ಕೊಡುತ್ತಾರೆ. ಸಾವು ಅಪರೂಪ, ಆದರೆ ಬೇಗ ಬಿಟ್ಟು ಹೋಗುವುದೂ ಇಲ್ಲ. ಮೈ ಕಡಿತ, ಸುಸ್ತು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಮದ್ಯ ಕುಡಿದರೆ, ಮೀನು ಅಥವಾ ಬಾದಾಮಿಯಂಥ ಬೀಜಗಳನ್ನು ತಿಂದರೆ ಮತ್ತೆ ಮರುಕಳಿಸಬಹುದು. ಪ್ರವಾಸದ ಉಳಿದ ಭಾಗ ಅಲ್ಲಿಗೇ ಮುಗಿಯಿತು ಅಂತ ಬೇರೆ ಹೇಳಬೇಕಿಲ್ಲ ತಾನೇ.

ಮೀನೇ ತಿನ್ನಬೇಡಿ ಅನ್ನುವುದಿಲ್ಲ. ಟ್ಯೂನಾ, ಮಾಹಿ ಮಾಹಿಯಂಥ ತೆರೆದ ಸಮುದ್ರದ ಮೀನುಗಳಲ್ಲಿ ಈ ಭಯ ಬಹಳ ಕಡಿಮೆ. ಆದರೆ ಹಿಡಿದ ತಕ್ಷಣ ಐಸಿಗೆ ಹಾಕದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಹೆಚ್ಚಾಗಿ ಬೇರೆ ಥರದ ವಿಷ ಆಗುತ್ತದೆ.

ಕಂಪನಿಯವರು ಹಣ ವಾಪಸ್ ಕೊಡಲಿಲ್ಲ. ‘ಮೀನಿನಿಂದಲೇ ಆಯಿತು ಅನ್ನುವುದಕ್ಕೆ ಏನು ಸಾಕ್ಷಿ?’ ಅಂದರು. ಸಿಗ್ವಟೆರಾ ಆಗಿದೆಯೇ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಏನು ತಿಂದಿರಿ, ಯಾವಾಗ ತಿಂದಿರಿ ಎಂದು ಕೇಳಿಯೇ ಡಾಕ್ಟರು ನಿರ್ಧರಿಸುತ್ತಾರೆ. ಹಾಗಾಗಿ ದೋಣಿಯಲ್ಲಿ ಯಾವ ಮೀನೇ ಹಿಡಿದರೂ ಕೊಯ್ಯುವ ಮೊದಲು ಇಡೀ ಮೀನಿನ ಫೋಟೋ ತೆಗೆದಿಡಿ. ಒಂದು ತುಂಡು ಫ್ರೀಜರ್‌ನಲ್ಲಿ ಉಳಿಸಿ, ಮೀನನ್ನು ಲ್ಯಾಬಿನಲ್ಲಿ ಪರೀಕ್ಷಿಸಲು ಆಗುತ್ತದೆ. ನಮ್ಮ ಮೀನಿನ ಉಳಿದ ತುಂಡುಗಳನ್ನು ಸ್ಕಿಪ್ಪರ್ ಬೆಳಕು ಹರಿಯುವ ಮೊದಲೇ ಸಮುದ್ರಕ್ಕೆ ಎಸೆದಿದ್ದ.