ಕಣ್ಣಿನ ಕ್ಲಿನಿಕ್‌ಗೆ ಬಿಲ್ಲಿಂಗ್ ತರಬೇತಿ: ಹಣ ಎಲ್ಲಿ ಸಾರ್ಥಕವಾಯಿತು, ಎಲ್ಲಿ ದಂಡವಾಯಿತು

ನಾನು ನ್ಯೂಜೆರ್ಸಿಯ ಒಂದು ಚಿಕ್ಕ ಕಣ್ಣಿನ ಕ್ಲಿನಿಕ್‌ನಲ್ಲಿ ಬಿಲ್ಲಿಂಗ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಇಲ್ಲಿ ಒಬ್ಬರು ಶಸ್ತ್ರಚಿಕಿತ್ಸೆ ಮಾಡುವ ನೇತ್ರವೈದ್ಯರು, ಒಬ್ಬರು ಆಪ್ಟೊಮೆಟ್ರಿಸ್ಟ್ (ಕಣ್ಣು, ದೃಷ್ಟಿ ಪರೀಕ್ಷಿಸುವ ತಜ್ಞರು) ಮತ್ತು ಮೂವರು ಟೆಕ್ನಿಷಿಯನ್‌ಗಳಿದ್ದಾರೆ. ಕ್ಲೇಮ್ (ವಿಮೆಯವರಿಂದ ಹಣ ಕೋರುವ ಅರ್ಜಿ) ಕಳುಹಿಸುವ, ಬಂದ ಹಣವನ್ನು ಲೆಕ್ಕಕ್ಕೆ ಹಾಕುವ ಕೆಲಸವನ್ನು ಮೈಸೂರಿನ ನಾಲ್ವರು ಸಂಜೆ ಪಾಳಿಯಲ್ಲಿ ಮಾಡುತ್ತಾರೆ. ತಿರಸ್ಕೃತವಾಗಿ ಮರಳುವ ಕ್ಲೇಮ್‌ಗಳು ಹೆಚ್ಚಾದಾಗ, ಕಣ್ಣಿನ ಕ್ಲಿನಿಕ್‌ಗಳಿಗೆಂದೇ ಬಿಲ್ಲಿಂಗ್, ಕೋಡಿಂಗ್ (ರೋಗಕ್ಕೂ ಚಿಕಿತ್ಸೆಗೂ ಗೊತ್ತಾದ ಸಂಖ್ಯೆ ಹಾಕುವುದು) ಮತ್ತು ಚಾರ್ಟ್ (ರೋಗಿಯ ದಾಖಲೆ) ಬರೆಯುವ ಕ್ರಮವನ್ನು ಕಲಿಸುವ ಸಂಸ್ಥೆಯೊಂದರ ಮೂರು ತಿಂಗಳ ತರಬೇತಿಯನ್ನು ಈ ವಸಂತದಲ್ಲಿ ತೆಗೆದುಕೊಂಡೆವು. ಮೆಚ್ಚಿಗೆಯ ಜೊತೆಗೆ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಅಮೆರಿಕದ ಕ್ಲೇಮ್‌ಗಳನ್ನು ದಿನವೂ ನೋಡುವ ಕನ್ನಡಿಗರು ಅಲ್ಲಿಯೂ ಇಲ್ಲಿಯೂ ಸಾಕಷ್ಟು ಜನ ಇರುವುದರಿಂದ, ಇಂಥ ತರಬೇತಿಗೆ ಹಣ ಕಟ್ಟುವ ಮೊದಲು ಏನನ್ನು ವಿಚಾರಿಸಬೇಕೆಂಬುದು ಅವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಸಾಮಾನ್ಯ ಮೆಡಿಕಲ್ ಬಿಲ್ಲಿಂಗ್ ಕಲಿತವರು ಕಣ್ಣಿನ ಕ್ಲಿನಿಕ್‌ಗೆ ಬಂದ ಕೂಡಲೇ ತಡವರಿಸುವುದು ಎರಡು ಕಡೆ. ಉಳಿದ ವೈದ್ಯರಿಗೆ ಭೇಟಿಯ ಕೋಡ್ ಎಂದರೆ 99202ರಿಂದ 99215ರವರೆಗಿನ ಸಾಲು ಮಾತ್ರ. ಕಣ್ಣಿನವರಿಗೆ ಅದರ ಜೊತೆಗೆ 92002, 92004, 92012, 92014 ಎಂಬ ನಾಲ್ಕು ಪ್ರತ್ಯೇಕ ಕೋಡ್‌ಗಳೂ ಇವೆ, ಮತ್ತು ಪ್ರತಿ ಭೇಟಿಗೂ ಯಾವ ಸಾಲಿನಿಂದ ಆರಿಸಬೇಕೆಂದು ಯೋಚಿಸಬೇಕಾಗುತ್ತದೆ. ಎರಡನೆಯದು ವಿಮೆ. ಒಬ್ಬನೇ ರೋಗಿ ಜೇಬಿನಿಂದ ಎರಡು ಕಾರ್ಡ್ ತೆಗೆಯುತ್ತಾನೆ, ಒಂದು ಕನ್ನಡಕದ ವಿಷನ್ ಪ್ಲಾನಿನದು, ಇನ್ನೊಂದು ವೈದ್ಯಕೀಯ ವಿಮೆಯದು. ಆತ ಬಂದ ಕಾರಣವೇನೆಂದು ಚಾರ್ಟಿನ ಮೊದಲ ಸಾಲಿನಲ್ಲಿ ಬರೆದದ್ದೇ ಯಾವ ಕಾರ್ಡಿಗೆ ಬಿಲ್ ಹೋಗಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ನಮ್ಮ ಫ್ರಂಟ್ ಡೆಸ್ಕಿನವರು ಎಲ್ಲರಿಗೂ ‘ವಾರ್ಷಿಕ ಪರೀಕ್ಷೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಗ್ಲಾಕೋಮಾಕ್ಕೆ ವರ್ಷಗಳಿಂದ ಔಷಧಿ ಹಾಕಿಕೊಳ್ಳುತ್ತಿರುವ ಅಜ್ಜಿಯೂ ವಾರ್ಷಿಕ ಪರೀಕ್ಷೆಗೇ ಬಂದವರಾಗುತ್ತಿದ್ದರು. ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕದ ಸರ್ಕಾರಿ ವಿಮೆ, ಮಾಮೂಲಿ ಕಣ್ಣಿನ ಪರೀಕ್ಷೆಗೆ ಹಣ ಕೊಡುವುದಿಲ್ಲ. ಅಂಥ ಕ್ಲೇಮ್ ಮರಳಿ ಬಂದರೆ ಮೈಸೂರಿನವರನ್ನು ದೂರಿ ಪ್ರಯೋಜನವೇನು?

ತರಬೇತಿಯಲ್ಲಿ ಮೂರು ಭಾಗಗಳಿದ್ದವು: ಮುಂಚೆಯೇ ಚಿತ್ರೀಕರಿಸಿದ ಪಾಠಗಳು, ವಾರಕ್ಕೊಂದು ನೇರ ತರಗತಿ, ಮತ್ತು ನಮ್ಮದೇ 20 ಚಾರ್ಟ್‌ಗಳನ್ನು ಪರಿಶೀಲಿಸಿ ಒಂದು ದಿನ ಕ್ಲಿನಿಕ್‌ಗೆ ಬಂದು ಕಲಿಸುವ ಆಡಿಟ್. ಕೊಟ್ಟ ಹಣವೆಲ್ಲ ಮೂರನೆಯ ಭಾಗ ಒಂದರಿಂದಲೇ ಸಂದಿತೆಂದು ನಾನು ಲೆಕ್ಕ ಹಾಕುತ್ತೇನೆ.

ಆಡಿಟ್‌ಗೆ ಬಂದ ತರಬೇತುದಾರರು ಸ್ವತಃ ಹಲವು ವರ್ಷ ಟೆಕ್ನಿಷಿಯನ್ ಆಗಿದ್ದವರು. ಅವರು ಕೋಡ್‌ಗಳಿಂದ ಆರಂಭಿಸದೆ ಒಂದು ಚಾರ್ಟನ್ನು ಪರದೆಯ ಮೇಲೆ ಹಾಕಿ, ವೈದ್ಯರನ್ನೂ ಎದುರಿಗೆ ಕೂರಿಸಿಕೊಂಡು, ಗಟ್ಟಿಯಾಗಿ ಓದಲು ಹೇಳಿದರು. ಬಲಗಣ್ಣಿನ ಪೊರೆ ತೆಗೆದು ಕೃತಕ ಮಸೂರ ಹಾಕಿ ಎರಡು ತಿಂಗಳಾಗಿದ್ದ ರೋಗಿಯ ಚಾರ್ಟ್ ಅದು. ಆದರೆ ಮಸೂರದ ಸಾಲಿನಲ್ಲಿ ಬಲಗಣ್ಣಿಗೂ ‘ಪೊರೆ, ಮಧ್ಯಮ ಹಂತ’ ಎಂದೇ ಇತ್ತು. ಹಿಂದಿನ ಭೇಟಿಯ ಟಿಪ್ಪಣಿಯನ್ನು ಒಂದೇ ಗುಂಡಿಯಿಂದ ಮುಂದಕ್ಕೆ ಎಳೆದುಕೊಳ್ಳುವ ಸೌಲಭ್ಯ ಸಾಫ್ಟ್‌ವೇರಿನಲ್ಲಿದೆ, ಎಳೆದವರು ತಿದ್ದಿರಲಿಲ್ಲ. ಓದುತ್ತಿದ್ದ ವೈದ್ಯರು ಅಲ್ಲಿಗೇ ನಿಂತರು. ನಾನು ಎರಡು ವರ್ಷದಿಂದ ಇಮೇಲ್ ಬರೆದು ಹೇಳುತ್ತಿದ್ದ ಮಾತು ಆ ಅರ್ಧ ನಿಮಿಷದಲ್ಲಿ ಅವರಿಗೆ ತಲುಪಿತು (ನನ್ನ ಇಮೇಲ್‌ಗಳನ್ನು ಯಾರೂ ಓದುತ್ತಿರಲಿಲ್ಲ ಎಂಬುದೂ ಅಂದೇ ಖಚಿತವಾಯಿತು).

ಪೊರೆ ಶಸ್ತ್ರಚಿಕಿತ್ಸೆ, ಅಂದರೆ 66984ರ ವಿಷಯಕ್ಕೆ ಅವರು ಹೆಚ್ಚು ಹೊತ್ತು ಕೊಟ್ಟದ್ದು ಸರಿಯಾಗಿತ್ತು. ದೃಷ್ಟಿ 20/50 ಇದೆ, ಪೊರೆ ಇದೆ ಎಂದು ಬರೆದರೆ ಸಾಲದು. ಅದರಿಂದ ರೋಗಿಯ ದಿನನಿತ್ಯದ ಯಾವ ಕೆಲಸಕ್ಕೆ ತೊಂದರೆಯಾಗಿದೆ, ಕನ್ನಡಕ ಬದಲಿಸಿದರೂ ಅದು ಏಕೆ ಸರಿಹೋಗದು ಎಂಬುದು ಚಾರ್ಟಿನಲ್ಲಿರಬೇಕು. ‘ದೃಷ್ಟಿ ಮಂಜಾಗಿದೆಯೇ’ ಎಂದು ಕೇಳಿ ಹೌದು ಎಂದು ಗುರುತು ಹಾಕುವ ಬದಲು, ‘ಮೊದಲು ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ’ ಎಂದು ಕೇಳಲು ಟೆಕ್ನಿಷಿಯನ್‌ಗಳಿಗೆ ಅಭ್ಯಾಸ ಮಾಡಿಸಿದರು. ಈಗ ಚಾರ್ಟ್‌ಗಳಲ್ಲಿ ‘ಎದುರಿನ ಕಾರಿನ ದೀಪ ಕಣ್ಣಿಗೆ ರಾಚುವುದರಿಂದ ರಾತ್ರಿ ವಾಹನ ಓಡಿಸುವುದನ್ನು ಬಿಟ್ಟಿದ್ದಾರೆ’ ಎಂಬಂಥ ಸಾಲುಗಳು ಕಾಣುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ಆರೈಕೆಯನ್ನು ಬೇರೆ ಕಡೆಯ ಆಪ್ಟೊಮೆಟ್ರಿಸ್ಟ್‌ಗೆ ಒಪ್ಪಿಸಿದಾಗ ಶಸ್ತ್ರಚಿಕಿತ್ಸಕರು 54, ಆರೈಕೆ ಮಾಡುವವರು 55 ಮಾಡಿಫೈಯರ್ (ಕೋಡಿನ ಜೊತೆ ಸೇರಿಸುವ ಎರಡಂಕಿಯ ಗುರುತು) ಹಾಕಬೇಕು, ಶಸ್ತ್ರಚಿಕಿತ್ಸೆಯ ನಂತರದ 90 ದಿನಗಳ ಅವಧಿಯಲ್ಲಿ ಯಾವ ತಾರೀಖಿನಿಂದ ಹೊಣೆ ಬದಲಾಯಿತೆಂದು ಇಬ್ಬರ ದಾಖಲೆಯಲ್ಲೂ ಒಂದೇ ರೀತಿ ಇರಬೇಕು ಎಂಬುದನ್ನೂ ಅವರು ನಮ್ಮದೇ ಮರಳಿ ಬಂದ ಕ್ಲೇಮ್ ಹಿಡಿದು ತೋರಿಸಿದರು.

ಸ್ಕ್ಯಾನ್‌ಗಳ ವಿಷಯದಲ್ಲಿ ನಮ್ಮ ತಪ್ಪು ಇನ್ನೂ ಸರಳವಾಗಿತ್ತು. ಓಸಿಟಿ, ಅಂದರೆ ಕಣ್ಣಿನ ಒಳಪದರಗಳ ಸ್ಕ್ಯಾನ್, ತೆಗೆದ ನಂತರ ವೈದ್ಯರು ‘ನೋಡಲಾಗಿದೆ’ ಎಂದಷ್ಟೇ ಬರೆಯುತ್ತಿದ್ದರು. ಏಕೆ ತೆಗೆಸಿದ್ದು, ಏನು ಕಂಡಿತು, ಹಿಂದಿನದಕ್ಕೆ ಹೋಲಿಸಿದರೆ ಹೇಗಿದೆ, ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂಬ ವಿವರಣೆಯಿಲ್ಲದೆ ಆ ಬಿಲ್ಲಿಗೆ ಆಧಾರವಿಲ್ಲ. ದೃಷ್ಟಿನರದ 92133, ರೆಟಿನಾದ 92134, ಇವೆರಡನ್ನೂ ಒಂದೇ ಭೇಟಿಯಲ್ಲಿ ಬಿಲ್ ಮಾಡುವಂತಿಲ್ಲ ಎಂಬುದು ಮೈಸೂರಿನವರಿಗೆ ಗೊತ್ತಿತ್ತು; ಸ್ಕ್ಯಾನ್ ಮಾಡಲು ಹೇಳುವ ಟೆಕ್ನಿಷಿಯನ್‌ಗೆ ಗೊತ್ತಿರಲಿಲ್ಲ. ಗ್ಲಾಕೋಮಾದ ರೋಗನಿರ್ಣಯ ಕೋಡಿನ ಏಳನೆಯ ಅಂಕೆ ರೋಗದ ಹಂತವನ್ನು ಹೇಳುತ್ತದೆ, ಹಾಗಾಗಿ H40.1131 ಎಂದರೆ ಎರಡೂ ಕಣ್ಣಿನಲ್ಲಿ ಆರಂಭಿಕ ಹಂತ. ಆ ಹಂತವನ್ನು ವೈದ್ಯರೇ ಬರೆಯಬೇಕು, ಕೋಡ್ ಹಾಕುವವರು ಊಹಿಸಿ ತುಂಬುವಂತಿಲ್ಲ.

ಇನ್ನು ದೂರುಗಳು. ಚಿತ್ರೀಕರಿಸಿದ ಪಾಠಗಳಲ್ಲಿ ಕೆಲವು ಹಳಸಿದ್ದವು. 2021ರಿಂದ 99 ಸಾಲಿನ ಕೋಡನ್ನು ವೈದ್ಯಕೀಯ ನಿರ್ಧಾರದ ಸಂಕೀರ್ಣತೆ ಅಥವಾ ಆ ದಿನ ವ್ಯಯಿಸಿದ ಒಟ್ಟು ಸಮಯದ ಮೇಲೆ ಆರಿಸಬೇಕು. ಇವರ ಒಂದು ಪಾಠದಲ್ಲಿ ಮಾತ್ರ ಇನ್ನೂ ಹಳೆಯ ನಿಯಮದಂತೆ ರೋಗಚರಿತ್ರೆಯ ಅಂಶಗಳನ್ನು ಬೆರಳೆಣಿಸುತ್ತ ಕುಳಿತಿದ್ದರು. ಕೇಳಿದಾಗ ಒಪ್ಪಿಕೊಂಡರು, ಆದರೆ ಪಾಠ ಹಾಗೇ ಉಳಿಯಿತು. ಹೊಸದಾಗಿ ಸೇರಿದವರು ಅದನ್ನೇ ಸತ್ಯವೆಂದು ಕಲಿತರೆ ತಿದ್ದುವ ಕೆಲಸ ನನ್ನದಾಗುತ್ತದೆ. ನೇರ ತರಗತಿ ನಮ್ಮ ಸಂಜೆ 5 ಗಂಟೆಗೆ, ಅಂದರೆ ಮೈಸೂರಿನ ನಡುರಾತ್ರಿ ದಾಟಿ ಎರಡೂವರೆಗೆ. ಬೆಳಿಗ್ಗೆ 10ಕ್ಕೆ ಇಟ್ಟುಕೊಂಡರೆ ಅಲ್ಲಿ ರಾತ್ರಿ ಏಳೂವರೆ, ಎಲ್ಲರೂ ಕೆಲಸದ ಮೇಲೇ ಇರುತ್ತಾರೆ ಎಂದು ಎರಡು ಬಾರಿ ಕೇಳಿದರೂ ಬದಲಿಸಲಿಲ್ಲ. ಕೊನೆಗೆ ನಾಲ್ವರಲ್ಲಿ ಇಬ್ಬರಷ್ಟೇ ಕಣ್ಣುಜ್ಜಿಕೊಂಡು ಕೂರುತ್ತಿದ್ದರು.

ನನಗೆ ನಿಜವಾಗಿ ಅಸಮಾಧಾನವಾದದ್ದು ‘ಆದಾಯ ವೃದ್ಧಿ’ ಎಂಬ ಹೆಸರಿನ ಕೊನೆಯ ತರಗತಿ. ಕಣ್ಣಿನೊಳಗೆ ಚುಚ್ಚುಮದ್ದು ಕೊಡುವ 67028ರ ದಿನ ಪ್ರತಿ ಬಾರಿಯೂ ಭೇಟಿಯ ಕೋಡಿಗೆ 25 ಮಾಡಿಫೈಯರ್ ಸೇರಿಸಬಹುದು ಎಂಬ ಧಾಟಿಯಲ್ಲಿ ಅಲ್ಲಿ ಮಾತಾಡಿದರು. ಚುಚ್ಚುಮದ್ದಿಗೆ ಸಂಬಂಧಿಸಿದ ಮಾಮೂಲಿ ಪರೀಕ್ಷೆ ಅದರ ಶುಲ್ಕದಲ್ಲೇ ಸೇರಿದೆ. ಅದಕ್ಕಿಂತ ಬೇರೆಯಾದ, ಗಣನೀಯವಾದ ತಪಾಸಣೆ ನಡೆದಿದ್ದರೆ ಮಾತ್ರ 25. ಆಡಿಟ್ ಮಾಡಿದವರೇ ಮೊದಲ ತಿಂಗಳು ಇದನ್ನು ಸರಿಯಾಗಿ ಹೇಳಿಕೊಟ್ಟಿದ್ದರಿಂದ ನಮ್ಮವರು ದಾರಿ ತಪ್ಪಲಿಲ್ಲ.

ವಾರ್ಷಿಕ ಚಂದಾ ಮುಂದುವರಿಸುವಂತೆ ಸಂಸ್ಥೆಯವರು ಕೇಳಿದರು, ನಾನು ಬೇಡವೆಂದೆ. ಆದರೆ ರೋಗನಿರ್ಣಯದ ಕೋಡ್‌ಗಳು ಅಕ್ಟೋಬರ್ 1ಕ್ಕೂ ಚಿಕಿತ್ಸೆಯ ಕೋಡ್‌ಗಳು ಜನವರಿ 1ಕ್ಕೂ ಬದಲಾಗುವುದರಿಂದ, ಫೆಬ್ರವರಿಯಲ್ಲಿ ಇನ್ನೊಂದು 20 ಚಾರ್ಟ್‌ಗಳ ಆಡಿಟನ್ನು ಮಾತ್ರ ಬಿಡಿಯಾಗಿ ಮಾಡಿಸಲು ಅದೇ ತರಬೇತುದಾರರ ದಿನವನ್ನು ಈಗಲೇ ಗೊತ್ತುಮಾಡಿಕೊಂಡಿದ್ದೇನೆ. ಬೆಳಿಗ್ಗೆ 10 ಗಂಟೆಗೆ.