ಕೆಲಸ ಬಿಡುವ ಮುನ್ನ ಹನ್ನೆರಡು ವಾರ: ಪಾಳಿ ಕೆಲಸದವರಿಗೆ ಎನ್‌ಪಿಟೆಲ್ ಎಷ್ಟು ಉಪಯೋಗ?

ಬಳಸಿದ ಸೇವೆ: ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಕಲಿಕಾ ಪೋರ್ಟಲ್ ಮೂಲಕ ಸಿಗುವ ಎನ್‌ಪಿಟೆಲ್ ಕೋರ್ಸ್‌ಗಳು
ಬಳಕೆಯ ಅವಧಿ: ಹಲವು ಸೆಮಿಸ್ಟರ್
ಅಂಕ: ಕಲಿಕೆಗೆ 5ಕ್ಕೆ 4. ಹೊಸ ಕೆಲಸ ಕೊಡಿಸುವುದಕ್ಕೆ 5ಕ್ಕೆ 2. ಕೆಲಸ ಬದಲಿಸಲು ಸಿದ್ಧರಿದ್ದೀರಾ ಎಂದು ತೋರಿಸಿಕೊಡುವುದಕ್ಕೆ 5ಕ್ಕೆ 4.5.

ತೋರಣಗಲ್ಲು, ಕುಡತಿನಿ, ಗಿಣಿಗೇರಾ, ಶಕ್ತಿನಗರ. ಕಾರ್ಖಾನೆ, ವಿದ್ಯುತ್ ಸ್ಥಾವರಗಳಿರುವ ಈ ಊರುಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಆರಕ್ಕೆ ಚಹಾದಂಗಡಿ ಮುಂದೆ ನಿಂತವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಈ ಲೈನೇ ಸಾಕಪ್ಪ, ಬ್ಯಾರೆ ಏನರ ನೋಡ್ಬೇಕು." ಅದು ಗಟ್ಟಿ ನಿರ್ಧಾರವೋ, ನಿದ್ದೆಗೆಟ್ಟ ದೇಹದ ಬೇಸರವೋ ಎಂಬುದು ಹೇಳಿದವರಿಗೇ ಗೊತ್ತಿರುವುದಿಲ್ಲ. ಕಾಲೇಜು ಹುಡುಗರು ಪದವಿಯ ಕ್ರೆಡಿಟ್‌ಗಾಗಿ ಬಳಸುವ ಎನ್‌ಪಿಟೆಲ್ ಇದನ್ನು ಕಂಡುಕೊಳ್ಳಲು ಒಳ್ಳೆಯ ಸಾಧನ. ಈ ವಿಮರ್ಶೆ ಆ ಬಳಕೆಯ ಬಗ್ಗೆ ಮಾತ್ರ.

ಗೊತ್ತಿಲ್ಲದವರಿಗೆ ಒಂದಿಷ್ಟು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಪಾಠಗಳಿವು. ಪ್ರಮಾಣಪತ್ರದ ಕೋರ್ಸ್‌ಗಳು ಶುರುವಾಗಿದ್ದು 2014ರಲ್ಲಿ. ವರ್ಷಕ್ಕೆ ಎರಡು ಸುತ್ತು, ಜನವರಿಯಿಂದ ಏಪ್ರಿಲ್ ಮತ್ತು ಜುಲೈಯಿಂದ ಅಕ್ಟೋಬರ್. 12 ವಾರದ ಕೋರ್ಸ್‌ನಲ್ಲಿ ಸುಮಾರು 30 ಗಂಟೆ ವಿಡಿಯೋ ಇರುತ್ತದೆ, ಅಂದರೆ ವಾರಕ್ಕೆ ಎರಡೂವರೆ ಗಂಟೆ. ವಾರಕ್ಕೊಂದು ಅಸೈನ್‌ಮೆಂಟ್, ಅದರ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ಕಲಿಯಲು ದುಡ್ಡು ಬೇಕಿಲ್ಲ. ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಕೋರ್ಸ್‌ಗೆ 1,000 ರೂಪಾಯಿ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಮೂರು ಗಂಟೆಯ ಪರೀಕ್ಷೆ ಬರೆಯಬೇಕು.

4 ವಾರದ ಕೋರ್ಸ್‌ಗಳೂ ಇವೆ, ಅವನ್ನು ಈ ಕೆಲಸಕ್ಕೆ ಆರಿಸಬೇಡಿ. ಹೊಸ ವಿಷಯದ ಮೇಲಿನ ಹುರುಪು ಒಂದು ತಿಂಗಳು ಯಾರಿಗಾದರೂ ಇರುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಾಣುವುದು ಆ ತಿಂಗಳಲ್ಲೇ. ಪೈಥಾನ್ ಆಗಲಿ, ಸೋಲಾರ್ ಆಗಲಿ, ಸಪ್ಲೈ ಚೈನ್ ಆಗಲಿ, ಐದನೇ ವಾರದಿಂದ ಎಂಟನೇ ವಾರದೊಳಗೆ ಕಲ್ಲುಮುಳ್ಳು ಶುರುವಾಗುತ್ತದೆ. ಪೀಠಿಕೆ ಮುಗಿದು ಲೆಕ್ಕ ಬರುತ್ತದೆ, ಹಿಂದಿನ ವಾರದ್ದು ಅರ್ಥವಾಗದಿದ್ದರೆ ಈ ವಾರದ್ದು ತಲೆಗೆ ಹತ್ತುವುದಿಲ್ಲ.

12 ವಾರವೇ ಬೇಕು ಎನ್ನಲು ಇನ್ನೂ ಬಲವಾದ ಕಾರಣವಿದೆ. ವಾರಕ್ಕೊಮ್ಮೆ ಪಾಳಿ ಬದಲಾಗುವ ಕಡೆ ಎ, ಬಿ, ಸಿ (ಬೆಳಗಿನ, ಮಧ್ಯಾಹ್ನದ, ರಾತ್ರಿಯ) ಪಾಳಿ ಮೂರೂ ಒಂದು ಸುತ್ತು ಬರಲು ಮೂರು ವಾರ ಬೇಕು. ಹಾಗಾಗಿ 12 ವಾರದಲ್ಲಿ ನಾಲ್ಕು ಪೂರ್ತಿ ಸುತ್ತು, ಅದರಲ್ಲಿ ನಾಲ್ಕು ರಾತ್ರಿ ಪಾಳಿಯ ವಾರ. ಬೆಳಗಿನ ಪಾಳಿಯ ವಾರದಲ್ಲಿ ಮಧ್ಯಾಹ್ನ ಎರಡಕ್ಕೆ ಬಿಟ್ಟು ಸಂಜೆ ಕೂತು ಓದುವುದು ದೊಡ್ಡ ಸಾಧನೆಯಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕಿಲ್ನ್ (ದೊಡ್ಡ ಕುಲುಮೆ) ಮುಂದೆಯೋ ಕಂಟ್ರೋಲ್ ರೂಮಿನಲ್ಲೋ ಇದ್ದು, ಮನೆಗೆ ಬಂದು ಮಲಗಿ ಎದ್ದು, ಮತ್ತೆ ಪುಸ್ತಕ ತೆರೆಯುತ್ತೀರಾ ಎಂಬುದರಲ್ಲಿ ಉತ್ತರವಿದೆ.

ಎನ್‌ಪಿಟೆಲ್‌ನ ಅಂಕ ಹಾಕುವ ಕ್ರಮ ಈ ಉತ್ತರವನ್ನು ಮುಚ್ಚಿಬಿಡುತ್ತದೆ, ಎಚ್ಚರ. 12 ಅಸೈನ್‌ಮೆಂಟ್‌ಗಳಲ್ಲಿ ಹೆಚ್ಚು ಅಂಕ ಬಂದ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 8 ವಾರದ ಕೋರ್ಸ್ ಆದರೆ 6. ಅಂದರೆ ನಾಲ್ಕೂ ರಾತ್ರಿ ಪಾಳಿಯ ವಾರ ಕೈಬಿಟ್ಟರೂ ಪ್ರಮಾಣಪತ್ರ ಬರಬಹುದು. ವಿದ್ಯಾರ್ಥಿಗೆ ಅದು ಅನುಕೂಲ. ನಿಮ್ಮನ್ನು ನೀವು ಅಳೆದುಕೊಳ್ಳಲು ಹೊರಟಾಗ ಮಾತ್ರ ಅದು ದಾರಿ ತಪ್ಪಿಸುತ್ತದೆ. ಆದ್ದರಿಂದ ಪೋರ್ಟಲ್‌ನ ಅಂಕಪಟ್ಟಿಯ ಜೊತೆಗೆ ಒಂದು ನೋಟ್‌ಬುಕ್ ಬೇಕೇ ಬೇಕು. ವಾರಕ್ಕೊಂದು ಸಾಲು: ಯಾವ ಪಾಳಿ, ಒಟ್ಟು ಎಷ್ಟು ಗಂಟೆ ಕೂತಿರಿ, ಅಸೈನ್‌ಮೆಂಟ್ ಸಲ್ಲಿಸಿದ ದಿನ, ಮೊದಲ ಯತ್ನದ ಅಂಕ.

ಮೊದಲ ಯತ್ನ ಎನ್ನುವುದನ್ನು ಒತ್ತಿ ಹೇಳಬೇಕು. ಗಡುವಿನವರೆಗೆ ಎಷ್ಟು ಸಲ ಬೇಕಾದರೂ ಉತ್ತರ ತಿದ್ದಿ ಸಲ್ಲಿಸಬಹುದು, ಕೊನೆಯದು ಉಳಿಯುತ್ತದೆ. ಈ ನಡುವೆ ಯೂಟ್ಯೂಬ್, ಟೆಲಿಗ್ರಾಂಗಳಲ್ಲಿ ಉತ್ತರಗಳು ಓಡಾಡುತ್ತಿರುತ್ತವೆ. ಯಾರನ್ನೂ ಕೇಳದೆ, ಎಲ್ಲೂ ನೋಡದೆ ಗುರುತು ಹಾಕಿದ ಉತ್ತರಗಳನ್ನು ಮೊದಲು ನೋಟ್‌ಬುಕ್‌ನಲ್ಲಿ ಬರೆದಿಡಿ. ಗಡುವು ಮುಗಿದು ಸರಿಯುತ್ತರ ಪ್ರಕಟವಾದ ಮೇಲೆ ಅವನ್ನೇ ತಿದ್ದಿಕೊಳ್ಳಿ. ಪೋರ್ಟಲ್‌ನಲ್ಲಿ 100 ಇದ್ದು ನೋಟ್‌ಬುಕ್‌ನಲ್ಲಿ 40 ಇದ್ದರೆ, ಆ 40 ನಿಮ್ಮದು.

ಸಮಯದ ಲೆಕ್ಕದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ಎರಡೂವರೆ ಗಂಟೆ ವಿಡಿಯೋ ಎಂದರೆ ಎರಡೂವರೆ ಗಂಟೆಯ ಕೆಲಸವಲ್ಲ. ನಿಲ್ಲಿಸಿ, ಹಿಂದೆ ಹೋಗಿ, ಟಿಪ್ಪಣಿ ಬರೆಯುತ್ತಾ ನೋಡಿದರೆ ಐದು ಗಂಟೆ ಹಿಡಿಯುತ್ತದೆ, ಅಸೈನ್‌ಮೆಂಟ್‌ಗೆ ಇನ್ನೂ ಒಂದೆರಡು ಗಂಟೆ. ವಾರಕ್ಕೆ ಏಳು ಗಂಟೆ ಎಂದರೆ ಒಟ್ಟು 84 ಗಂಟೆ. ಓಟಿ (ಪಾಳಿ ಮುಗಿದ ಮೇಲಿನ ಹೆಚ್ಚುವರಿ ಕೆಲಸ) ಮಾಡುವವರು ಈ ಏಳು ಗಂಟೆಗೆ ಎಷ್ಟು ಓಟಿ ದುಡ್ಡು ಬಿಡಬೇಕಾಗುತ್ತದೆ ಎಂದು ಮೊದಲೇ ಬರೆದಿಟ್ಟುಕೊಳ್ಳಲಿ. ಒಂದೇ ಸಲ ಮೂರು ಕೋರ್ಸ್‌ಗೆ ಸೇರುವುದು ತೀರಾ ಸಾಮಾನ್ಯ ತಪ್ಪು. ಪಾಳಿ ಕೆಲಸದ ಜೊತೆ ಒಂದು ಕೋರ್ಸ್ ಸಾಕು.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಮನೆಯಲ್ಲಿ ಭತ್ತದ ಗದ್ದೆ ಇರುವವರು ಸುತ್ತು ಆರಿಸುವಾಗ ಕಾಲುವೆ ನೀರನ್ನೂ ನೆನಪಿಡಬೇಕು. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದ ಮೇಲೆ ರಜೆಯ ದಿನವೂ ಗದ್ದೆಯಲ್ಲೇ ಕಳೆಯುತ್ತದೆ, ಜುಲೈ ಸುತ್ತಿನ ಮೊದಲ ವಾರಗಳು ಅದಕ್ಕೇ ಸಿಕ್ಕಿಬೀಳುತ್ತವೆ. ಆ ವಾರಗಳ ಕಡಿಮೆ ಅಂಕವನ್ನು ಆಸಕ್ತಿಯ ಕೊರತೆ ಎಂದು ಓದಬೇಡಿ. ನೋಟ್‌ಬುಕ್‌ನಲ್ಲಿ ಪಕ್ಕಕ್ಕೆ "ನಾಟಿ" ಎಂದು ಬರೆಯಿರಿ.

ಭಾಷೆಯ ವಿಷಯ. ಪಾಠ, ಪರೀಕ್ಷೆ ಎರಡೂ ಹೆಚ್ಚಾಗಿ ಇಂಗ್ಲಿಷ್‌ನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಐಟಿಐ, ಡಿಪ್ಲೊಮಾ ಮಾಡಿದವರಿಗೆ ಮೊದಲ ಎರಡು ವಾರ ಭಾರವಾಗುತ್ತದೆ. ಆಯ್ದ ಕೋರ್ಸ್‌ಗಳ ಪಾಠದ ಪಠ್ಯ ಕನ್ನಡದಲ್ಲೂ ಪಿಡಿಎಫ್ ಆಗಿ ಸಿಗುತ್ತದೆ, ಕೋರ್ಸ್ ಆರಿಸುವ ಮುನ್ನವೇ ಹುಡುಕಿ ನೋಡಿ. ಮೊದಲು ಕನ್ನಡ ಪಠ್ಯ ಓದಿ, ಆಮೇಲೆ ಇಂಗ್ಲಿಷ್ ಅಡಿಬರಹ ಹಾಕಿಕೊಂಡು ವಿಡಿಯೋ ನೋಡುವ ಕ್ರಮ ಚೆನ್ನಾಗಿ ಕೆಲಸ ಮಾಡುತ್ತದೆ. ವಾರಕ್ಕೆ ಇಪ್ಪತ್ತು ಹೊಸ ಪದ ಬರೆದುಕೊಂಡರೆ ನಾಲ್ಕನೇ ವಾರದ ಹೊತ್ತಿಗೆ ಭಾಷೆಯ ತೊಡಕು ಕರಗಿ, ವಿಷಯದ ತೊಡಕು ಮಾತ್ರ ಉಳಿಯುತ್ತದೆ. ಇವೆರಡನ್ನೂ ಬೇರೆ ಮಾಡದೆ "ಇದು ನಮ್ಮಂಥೋರಿಗಲ್ಲ" ಎಂದು ಎರಡನೇ ವಾರವೇ ಬಿಟ್ಟವರು ಬಹಳ. ಅದು ನಿಜಕ್ಕೂ ಬೇಸರದ ಸಂಗತಿ.

ಕೈತಪ್ಪುವ ಸಣ್ಣ ಸಂಗತಿಗಳೂ ಇವೆ. ಕೋರ್ಸ್‌ಗೆ ಸೇರುವುದೇ ಬೇರೆ, ಪರೀಕ್ಷೆಗೆ ನೋಂದಾಯಿಸುವುದೇ ಬೇರೆ. ಪರೀಕ್ಷೆಯ ನೋಂದಣಿಗೆ ಇನ್ನೊಂದು ಅರ್ಜಿ ತುಂಬಬೇಕು, ಅದರ ಕೊನೆಯ ದಿನಾಂಕ ಕೋರ್ಸ್ ನಡೆಯುತ್ತಿರುವಾಗಲೇ ಬಂದು ಹೋಗುತ್ತದೆ. ಕಂಪನಿಯ ಇಮೇಲ್‌ನಿಂದ ಖಾತೆ ತೆರೆಯಬೇಡಿ. ಕೆಲಸ ಬಿಟ್ಟ ದಿನ ಆ ಇಮೇಲ್ ಮುಚ್ಚಿಹೋಗುತ್ತದೆ, ಜೊತೆಗೆ ಪ್ರಮಾಣಪತ್ರದ ದಾರಿಯೂ. ಅರ್ಜಿಯಲ್ಲಿನ ಹೆಸರು ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಲಿ. ಪರೀಕ್ಷಾ ನಗರಗಳ ಪಟ್ಟಿಯನ್ನು ಆಯಾ ಸುತ್ತಿಗೆ ನೋಡಿಕೊಳ್ಳಿ. ಹತ್ತಿರದ ಊರು ಸಿಗದಿದ್ದರೆ ಬಳ್ಳಾರಿ, ಕೊಪ್ಪಳದವರಿಗೆ ಹುಬ್ಬಳ್ಳಿ ಕಡೆಗೆ, ರಾಯಚೂರಿನವರಿಗೆ ಕಲಬುರಗಿ ಕಡೆಗೆ ನೇರ ರೈಲಿದೆ. ಬೆಳಗಿನ ಪರೀಕ್ಷೆ ಒಂಬತ್ತಕ್ಕೆ. ಆರಕ್ಕೆ ರಾತ್ರಿ ಪಾಳಿ ಬಿಟ್ಟು ಓಡಿ ಹೋಗಿ ಬರೆಯುವ ಯೋಚನೆ ಬೇಡ, ಒಂದು ರಜೆ ಮೊದಲೇ ಹಾಕಿಡಿ.

ಅಂಕಗಳನ್ನು ಓದುವುದು ಹೇಗೆ? ಒಟ್ಟು ನೂರರಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. ಪ್ರಮಾಣಪತ್ರಕ್ಕೆ 25ರಲ್ಲಿ ಕನಿಷ್ಠ 10 ಮತ್ತು 75ರಲ್ಲಿ ಕನಿಷ್ಠ 30 ಎರಡೂ ಬೇಕು, ಒಂದು ತಪ್ಪಿದರೂ ಸಿಗುವುದಿಲ್ಲ. ಅಸೈನ್‌ಮೆಂಟ್‌ನಲ್ಲಿ 23 ಬಂದು ಪರೀಕ್ಷೆಯಲ್ಲಿ 32 ಬಂದರೆ ಪಾಸು ಹೌದು, ಆದರೆ ಕಲಿತದ್ದು ಒಬ್ಬರೇ ಕೂತಾಗ ಕೈಗೆ ಬರುತ್ತಿಲ್ಲ ಎಂದರ್ಥ. ಅಸೈನ್‌ಮೆಂಟ್‌ನಲ್ಲಿ 17 ಬಂದು ಪರೀಕ್ಷೆಯಲ್ಲಿ 50 ಬಂದವರು ಹೆಚ್ಚು ಸಿದ್ಧರಿದ್ದಾರೆ. ಎರಡೂ ಪಾಲಿನ ಶೇಕಡಾವಾರು ಹತ್ತಿರ ಹತ್ತಿರ ಇವೆ, ಅಂದರೆ ಅವರ ಓದು ಅವರದೇ. ರಾತ್ರಿ ಪಾಳಿಯ ನಾಲ್ಕು ವಾರಗಳಲ್ಲಿ ಮೂರರಲ್ಲಾದರೂ ಗಡುವಿನೊಳಗೆ ಸ್ವಂತವಾಗಿ ಮಾಡಿ 60 ದಾಟಿದವರ ಬಗ್ಗೆ ಅನುಮಾನ ಪಡುವ ಕಾರಣವಿಲ್ಲ.

ನೋಟ್‌ಬುಕ್ ಇನ್ನೊಂದು ಸಂಗತಿ ಹೊರಹಾಕುತ್ತದೆ. ಮೇಲಿನವರ ಜೊತೆ ಜಗಳವಾದ ವಾರ ಓದು 12 ಗಂಟೆ, ಅವರು ರಜೆ ಹೋದ ವಾರ 2 ಗಂಟೆ, ಹೀಗೆ ಏರಿಳಿದರೆ ನಿಮಗೆ ಬೇಕಾದದ್ದು ಬೇರೆ ವಿಭಾಗ ಅಥವಾ ಬೇರೆ ಪ್ಲಾಂಟ್, ಬೇರೆ ವೃತ್ತಿಯಲ್ಲ. ಇದೇ ಕೆಲಸ, ಇದೇ ಸಂಬಳ, ಬೇರೆ ಮೇಲ್ವಿಚಾರಕರು ಎಂದರೆ ಉಳಿಯುತ್ತೀರಾ? ಉಳಿಯುತ್ತೇನೆ ಎಂದಾದರೆ ವರ್ಗಾವಣೆ ಕೇಳಿ, ಹತ್ತು ವರ್ಷದ ಅನುಭವ ಮಣ್ಣುಪಾಲು ಮಾಡಬೇಡಿ.

ಕೋರ್ಸ್ ಅಳೆಯದೆ ಬಿಡುವುದು ದುಡ್ಡನ್ನು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ಅದಕ್ಕಾಗಿ ಇದೇ 12 ವಾರದಲ್ಲಿ ಇನ್ನೊಂದು ಪರೀಕ್ಷೆಯನ್ನೂ ಜೊತೆಗೇ ನಡೆಸಿ. ಈಗ ಕೈಗೆ 28,000 ಬರುತ್ತಿದೆ, ಹೊಸ ಕೆಲಸದ ಆರಂಭದ ಸಂಬಳ 18,000 ಎಂದುಕೊಳ್ಳಿ. ಸಂಬಳ ಬಂದ ದಿನವೇ 10,000ವನ್ನು ಬೇರೆ ಖಾತೆಗೆ ಹಾಕಿ, ಉಳಿದದ್ದರಲ್ಲೇ ಮನೆ ನಡೆಸಿ. ಬಾಡಿಗೆ, ಸಂಘದ ಕಂತು, ಬಂಗಾರದ ಸಾಲದ ಬಡ್ಡಿ ಎಲ್ಲ ಅದರಲ್ಲೇ ಬರಬೇಕು. ಜೂನ್‌ನಲ್ಲಿ ಕಟ್ಟುವ ಮಕ್ಕಳ ಶಾಲೆಯ ಶುಲ್ಕವನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಖರ್ಚಿಗೆ ಸೇರಿಸಿ. ಮೂರು ತಿಂಗಳ ನಂತರ 30,000 ಮುಟ್ಟದೆ ಉಳಿದಿದ್ದರೆ ಮನೆಯೂ ಸಿದ್ಧವಿದೆ. ಎರಡನೇ ತಿಂಗಳಲ್ಲೇ ಕೈ ಹಾಕಬೇಕಾಗಿ ಬಂದರೆ ಮನೆಯವರ ಜೊತೆ ಕೂತು ಮಾತಾಡುವುದು ಬಾಕಿಯಿದೆ.

ಸೇವೆಯ ಅವಧಿಯನ್ನೂ ಎಣಿಸಿ. ಕಾಯಂ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಸಿಗಲು 5 ವರ್ಷ ಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ಒಂದು ವರ್ಷದ ಮೊತ್ತ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,000 ಇದ್ದವರಿಗೆ ವರ್ಷಕ್ಕೆ ಸುಮಾರು 10,385, ಐದು ವರ್ಷಕ್ಕೆ 51,923 ರೂಪಾಯಿ. ನಾಲ್ಕು ವರ್ಷ ಮೂರು ತಿಂಗಳಿಗೆ ರಾಜೀನಾಮೆ ಕೊಟ್ಟರೆ ಇದು ಹೋಯಿತು. ಉಳಿದ ಒಂಬತ್ತು ತಿಂಗಳಲ್ಲಿ ಒಂದು ಕೋರ್ಸನ್ನಾದರೂ ಮುಗಿಸಬಹುದು. ಪಿಎಫ್ ಹಣ ಬಿಡಿಸಿಕೊಳ್ಳದೆ ಅದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಅಡಿಯಲ್ಲಿ ವರ್ಗಾಯಿಸಿಕೊಳ್ಳಿ, ಪಿಂಚಣಿಗೆ ಬೇಕಾದ 10 ವರ್ಷದ ಸೇವೆ ತುಂಡಾಗುವುದಿಲ್ಲ.

ಕೆಲಸ ಕೊಡಿಸುವುದಕ್ಕೆ 2 ಅಂಕ ಮಾತ್ರ ಯಾಕೆ? ಕಾನೂನು ಅರ್ಹತೆ ಬೇಕಾದ ಹುದ್ದೆಗಳಿಗೆ ಈ ಪ್ರಮಾಣಪತ್ರ ನಡೆಯುವುದಿಲ್ಲ. ಕೈಗಾರಿಕಾ ಸುರಕ್ಷತೆಯ ಕೋರ್ಸ್‌ನಲ್ಲಿ 90 ದಾಟಿ ಚಿನ್ನದ ದರ್ಜೆ ಪಡೆದರೂ ಕಾರ್ಖಾನೆಯ ಸೇಫ್ಟಿ ಆಫೀಸರ್ ಹುದ್ದೆಗೆ ಮಾನ್ಯತೆ ಪಡೆದ ಸುರಕ್ಷತಾ ಡಿಪ್ಲೊಮಾ ಬೇಕು. ಸಂಡೂರಿನ ಅದಿರು ಗಣಿಯಲ್ಲಾಗಲಿ ಹಟ್ಟಿಯ ಚಿನ್ನದ ಗಣಿಯಲ್ಲಾಗಲಿ ಫೋರ್‌ಮನ್, ಮೇಟ್ ಆಗಲು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ (ಡಿಜಿಎಂಎಸ್) ಸರ್ಟಿಫಿಕೇಟೇ ಬೇಕು. ತಿರುಗಿ ನೋಡಿದರೆ, ಬಾಯ್ಲರ್ ಅಥವಾ ಗಣಿಯ ಇಂಥ ಸರ್ಟಿಫಿಕೇಟ್ ಈಗಾಗಲೇ ಕೈಯಲ್ಲಿರುವವರು ಅದಕ್ಕೆ ಬೆಲೆಯಿಲ್ಲದ ವೃತ್ತಿಗೆ ಹೋಗುವಾಗ ಏನು ಬಿಟ್ಟು ಹೋಗುತ್ತಿದ್ದೇವೆ ಎಂದು ತೂಗಿ ನೋಡಬೇಕು. ಕೈಕೆಲಸದ ವೃತ್ತಿಗಳಿಗೂ ವಿಡಿಯೋ ಸಾಲದು. ಸೋಲಾರ್ ಪಾಠ ನೋಡಿದ್ದಕ್ಕೆ ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ಪ್ಯಾನಲ್ ಸಾಲುಗಳ ನಡುವೆ ದಿನವಿಡೀ ಓಡಾಡುವುದು ಏನೆಂದು ತಿಳಿಯದು. ಹೊಸ ಕೆಲಸ ನಡೆಯುವ ಜಾಗದಲ್ಲಿ, ಆ ಕೆಲಸ ಮಾಡುವವರ ಪಕ್ಕ, ವಾರದ ರಜೆಯ ನಾಲ್ಕು ದಿನ ನಿಂತು ನೋಡುವುದನ್ನು ಕೋರ್ಸ್‌ನ ಭಾಗ ಎಂದೇ ಇಟ್ಟುಕೊಳ್ಳಿ.

ಹನ್ನೆರಡು ವಾರದ ನಂತರ "ಇದು ನನಗಲ್ಲ" ಎಂದು ಗೊತ್ತಾದರೆ? ಹೋದದ್ದು 1,000 ರೂಪಾಯಿ ಶುಲ್ಕ, 84 ಗಂಟೆ ಮತ್ತು ಬಿಟ್ಟಿದ್ದರೆ ಒಂದಿಷ್ಟು ಓಟಿ ದುಡ್ಡು. ಕೆಲಸ ಬಿಟ್ಟು, ದೊಡ್ಡ ಊರಿಗೆ ಹೋಗಿ ಕೋಚಿಂಗ್‌ಗೆ ಸಾಲ ಮಾಡಿ ಅದನ್ನೇ ಕಂಡುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಈ ಸೇವೆಗೆ ಇಷ್ಟು ಅಂಕ ಕೊಟ್ಟಿರುವುದೇ ಇದಕ್ಕಾಗಿ.

ಪರೀಕ್ಷೆ ಮುಗಿದು ಫಲಿತಾಂಶ ಬರಲು ಕೆಲವು ವಾರ ಹಿಡಿಯುತ್ತದೆ. ಅಷ್ಟರೊಳಗೆ ರಾಜೀನಾಮೆ ಪತ್ರ ಬರೆಯಬೇಡಿ, ನೋಟ್‌ಬುಕ್ಕನ್ನೂ ಮುಚ್ಚಿಡಬೇಡಿ. ಅಸೈನ್‌ಮೆಂಟ್ ಇಲ್ಲ, ಗಡುವಿಲ್ಲ, ಕೇಳುವವರಿಲ್ಲ. ಆದರೂ ಹದಿಮೂರನೇ, ಹದಿನಾಲ್ಕನೇ, ಹದಿನೈದನೇ ವಾರದ ಸಾಲು ಎಳೆದು, ಆ ವಿಷಯಕ್ಕಾಗಿ ಎಷ್ಟು ಗಂಟೆ ಕೂತಿರಿ ಎಂದು ಪಾಳಿಯ ಸಮೇತ ಬರೆಯುತ್ತಾ ಹೋಗಿ.